ಗದ್ದ ಹಿಂದೆ ಸರಿದ ವರ್ಷಗಳು

ಬೈಲಹೊಂಗಲದಲ್ಲಿ ನಮ್ಮ ಮನೆಯ ಮುಂಭಾಗದಲ್ಲೇ ಅಪ್ಪನ ಹಿಟ್ಟಿನ ಗಿರಣಿ ಇತ್ತು. ಬೆಳಿಗ್ಗೆ ಅದರ ಪಟ್ಟಾ ತಿರುಗಲು ಶುರುವಾಯಿತೆಂದರೆ ಮಧ್ಯಾಹ್ನ ಊಟದ ಹೊತ್ತಿನ ತನಕ ಮನೆಯೊಳಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುತ್ತಿರಲಿಲ್ಲ. ಕೂಗಿ ಹೇಳಬೇಕು, ಇಲ್ಲವೆ ಕೈಸನ್ನೆ ಮಾಡಬೇಕು. ಅಂಥ ಮನೆಯಲ್ಲಿ ಬೆಳೆದದ್ದರಿಂದಲೋ ಏನೋ, ನನ್ನ ಮಾತು ಉಳಿದವರ ಮಾತಿನಷ್ಟು ಸ್ಪಷ್ಟವಾಗಿಲ್ಲ ಎಂಬುದು ನನಗೆ ಬಹಳ ವರ್ಷ ತಿಳಿಯಲೇ ಇಲ್ಲ.

ಗದ್ದದ ವಿಷಯ ಮಾತ್ರ ಗೊತ್ತಿತ್ತು. ನನ್ನ ಕೆಳದವಡೆ ಮುಂದಕ್ಕೆ ಬಂದಿತ್ತು. ಬಾಯಿ ಮುಚ್ಚಿದಾಗ ಎಲ್ಲರಿಗೂ ಮೇಲಿನ ಹಲ್ಲು ಕೆಳಗಿನ ಹಲ್ಲಿನ ಮುಂದೆ ಕೂರುತ್ತದೆ. ನನಗೆ ಕೆಳಗಿನವೇ ಮುಂದೆ, ಮೇಲಿನವು ಹಿಂದೆ, ನಡುವೆ ಸೀಸದ ಕಡ್ಡಿ ತೂರುವಷ್ಟು ಸಂದು. ಮುಂದಿನ ಹಲ್ಲುಗಳು ಒಂದಕ್ಕೊಂದು ತಾಕುತ್ತಲೇ ಇರಲಿಲ್ಲ. ಕಬ್ಬಿನ ಹಂಗಾಮಿನಲ್ಲಿ ಓಣಿಯ ಹುಡುಗಿಯರೆಲ್ಲ ಗಳವನ್ನು ಹಲ್ಲಿನಿಂದಲೇ ಸಿಗಿದು ತಿನ್ನುವಾಗ ನಾನು ಅಣ್ಣನ ಮುಂದೆ ಹೋಗಿ ನಿಲ್ಲುತ್ತಿದ್ದೆ. ಅವನು ಸಿಪ್ಪೆ ತೆಗೆದು ತುಂಡು ಮಾಡಿ ಕೊಡಬೇಕು. ಕಟಕು ರೊಟ್ಟಿಯನ್ನು ಚೂರುಚೂರು ಮುರಿದು, ಬಾಯಿಯ ಮೂಲೆಗೆ ತಳ್ಳಿ, ಹಿಂದಿನ ಹಲ್ಲಿನಿಂದ ಅಗಿಯುತ್ತಿದ್ದೆ. ಗದ್ದ ಚಮಚದ ಹಾಗೆ ಮುಂದೆ ಚಾಚಿದೆಯೆಂದು ಶಾಲೆಯಲ್ಲಿ ನನ್ನನ್ನು ‘ಚಮಚಾ’ ಎಂದು ಕರೆಯುತ್ತಿದ್ದರು. ಮೊದಮೊದಲು ಅಳು ಬರುತ್ತಿತ್ತು. ಆಮೇಲೆ ಆ ಹೆಸರಿಗೇ ಓಗೊಡುವುದು ರೂಢಿಯಾಯಿತು.

ಅದು ನಮ್ಮ ಮನೆತನದ ಗದ್ದ. ಅಪ್ಪನಿಗೂ ಇತ್ತು. ಆದರೆ ಅವನು ದಟ್ಟವಾಗಿ ಗಡ್ಡ ಬಿಟ್ಟಿದ್ದ, ಅದರ ಮೇಲೆ ದಿನವಿಡೀ ಹಿಟ್ಟು ಕೂತಿರುತ್ತಿತ್ತು, ಹಾಗಾಗಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅಪ್ಪನಿಗೆ ಅದು ಬಂದದ್ದು ಅವನ ತಾಯಿಯಿಂದ. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು. ಹದಿನಾಲ್ಕನೆಯ ವಯಸ್ಸಿಗೇ ಸವದತ್ತಿಯಿಂದ ಸೊಸೆಯಾಗಿ ಈ ಮನೆಗೆ ಬಂದವಳು. ಆಯಿ ಉಣ್ಣುವಾಗಲೂ ನಗುವಾಗಲೂ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ಎಡಗೈಯಲ್ಲಿ ಸೆರಗು, ಬಲಗೈಯಲ್ಲಿ ತುತ್ತು. ಅದು ಹಳೆಯ ಕಾಲದ ಮರ್ಯಾದೆ ಎಂದೇ ನಾವು ತಿಳಿದಿದ್ದೆವು. “ನಿಮ್ಮ ಆಯಿ ಹ್ಯಾಂಗ ಉಣತಾಳ ನೋಡಿ ಕಲಿ” ಎಂದು ಅವ್ವ ನನಗೆ ಎಷ್ಟೋ ಸಲ ಹೇಳಿದ್ದಳು.

ಪಿಯುಸಿ ಮುಗಿಸಿ ನಾನು ಟಿ.ಸಿ.ಎಚ್. ಸೇರಿದೆ. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಲು ಆಗ ಬೇಕಾಗಿದ್ದ ಎರಡು ವರ್ಷದ ತರಬೇತಿ ಅದು. ತೊಂಬತ್ತರ ದಶಕದ ನಡುವಿನ ಮಾತು. ತರಬೇತಿಯಲ್ಲಿ ನಮ್ಮನ್ನು ಆಗಾಗ ಹಳ್ಳಿಯ ಶಾಲೆಗಳಿಗೆ ಪಾಠ ಮಾಡಲು ಕಳಿಸುತ್ತಿದ್ದರು. ನನಗೆ ಸಿಕ್ಕಿದ್ದು ಕಿತ್ತೂರಿನ ಆಚೆ, ದೇಗಾಂವದ ಹತ್ತಿರದ ಒಂದು ಸಣ್ಣ ಶಾಲೆ. ಮೂರನೆಯ ತರಗತಿ. ಮೊದಲ ದಿನದ ಪಾಠ ಉಕ್ತಲೇಖನ. ನಾನು ಶಬ್ದ ಹೇಳಬೇಕು, ಮಕ್ಕಳು ಪಾಟಿಯ ಮೇಲೆ ಬರೆಯಬೇಕು. ನಮ್ಮ ತರಬೇತಿಯ ಮಾಸ್ತರರು ಹಿಂದೆ ಕುರ್ಚಿ ಹಾಕಿಕೊಂಡು, ಅಂಕ ಬರೆದುಕೊಳ್ಳಲು ವಹಿ ಹಿಡಿದು ಕೂತಿದ್ದರು.

ಸಂತೆ, ಬಿಸಿಲು, ಸಾಸಿವೆ, ಹಸು. ನಾಲ್ಕು ಶಬ್ದ ಹೇಳಿ, ಪಾಟಿ ಎತ್ತಿ ತೋರಿಸಿ ಎಂದೆ.

ಮೂವತ್ತು ಪಾಟಿಗಳು ಮೇಲೆದ್ದವು. ಹೆಚ್ಚಿನವುಗಳ ಮೇಲೆ ಬರೆದಿತ್ತು: ಥಂತೆ, ಬಿಥಿಲು, ಥಾಥಿವೆ, ಹಥು. ದುಂಡಗೆ, ಒಪ್ಪವಾಗಿ, ಒಂದು ಒತ್ತೂ ತಪ್ಪದಂತೆ.

ಮಕ್ಕಳು ತಮಾಷೆ ಮಾಡಿದ್ದರೆ ಗದರಬಹುದಿತ್ತು. ಅವರ ಮುಖಗಳನ್ನು ನೋಡಿದೆ. ಯಾರೂ ನಗುತ್ತಿರಲಿಲ್ಲ. ಹೊಸ ಅಕ್ಕೋರು ಹೇಳಿದ್ದನ್ನು ಹೇಳಿದ ಹಾಗೆ ಬರೆದಿದ್ದೇವೆ ಎಂಬ ನಂಬಿಕೆ ಆ ಕಣ್ಣುಗಳಲ್ಲಿತ್ತು. ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು, “ಅಕ್ಕೋರ, ಥಂತೆ ಅಂದ್ರ ಏನ್ರಿ?”

ನಾನು ಕರಿಹಲಗೆಯ ಕಡೆ ತಿರುಗಿ ನಾಲ್ಕೂ ಶಬ್ದಗಳನ್ನು ದೊಡ್ಡದಾಗಿ ಬರೆದೆ. ಬರೆದು ಮುಗಿದ ಮೇಲೂ ಸ್ವಲ್ಪ ಹೊತ್ತು ಅವರ ಕಡೆ ತಿರುಗಲಿಲ್ಲ.

ಪಾಠ ಮುಗಿದ ಮೇಲೆ ಮಾಸ್ತರರು ನನ್ನನ್ನು ಬೇವಿನ ಗಿಡದ ಕೆಳಗೆ ಕರೆದರು. ಕೆಟ್ಟವರಲ್ಲ ಅವರು. “ನಾಲಗಿ ತಿದ್ದಿಕೋಬೇಕವಾ. ಮಾತ ನಮ್ಮ ಬಂಡವಾಳ. ದಿನಾ ಕನ್ನಡಿ ಮುಂದ ಕುಂತು ಓದು” ಎಂದರು.

ಓದಿದೆ. ಆರು ತಿಂಗಳು ಕನ್ನಡಿಯ ಮುಂದೆ ಕೂತು ಓದಿದೆ. ನಾಲಗೆಯ ಕೆಳಗೆ ಹುಣಸೆ ಬೀಜ ಇಟ್ಟುಕೊಂಡು ಓದಿದೆ, ಯಾರೋ ಹೇಳಿದರೆಂದು ದಿನಾ ಬೆಳಿಗ್ಗೆ ಬಜೆ ಬೇರು ನೆಕ್ಕಿದೆ. ‘ಸ’ ಮಾತ್ರ ಬರಲಿಲ್ಲ. ಹಲ್ಲಿನ ಸಂದಿನಿಂದ ಗಾಳಿ ತಪ್ಪಿಸಿಕೊಂಡು ಹೋಗಿಬಿಡುತ್ತಿತ್ತು. ತಪ್ಪು ನನ್ನದೇ, ನನ್ನ ನಾಲಗೆಯೇ ಸೋಮಾರಿ ಎಂದು ನಾನು ಒಪ್ಪಿಕೊಂಡಿದ್ದೆ.

ಹೀಗಿರುವಾಗ ಹಿಂದಿನ ಒಂದು ಹಲ್ಲು ನೋಯತೊಡಗಿತು. ಲವಂಗದ ಎಣ್ಣೆಗೆ ಬಗ್ಗಲಿಲ್ಲ. ಆ ವರ್ಷವಷ್ಟೇ ಬಸ್ ಸ್ಟ್ಯಾಂಡಿನ ಎದುರು, ಅಟ್ಟದ ಮೇಲಿನ ಕೋಣೆಯಲ್ಲಿ ಒಬ್ಬ ಹರೆಯದ ಹಲ್ಲಿನ ಡಾಕ್ಟರು ದವಾಖಾನೆ ತೆರೆದಿದ್ದರು. ಅವ್ವ ಕರೆದುಕೊಂಡು ಹೋದಳು. ಡಾಕ್ಟರು ನೋಯುವ ಹಲ್ಲನ್ನು ನೋಡಿದರು, ಆಮೇಲೆ ಬಾಯಿಯನ್ನೆಲ್ಲ ನೋಡಿದರು.

“ಹಲ್ಲು ಕಚ್ಚರಿ” ಎಂದರು. ಕಚ್ಚಿದೆ. ಒಂದು ಕಾಗದದ ಪಟ್ಟಿಯನ್ನು ಮುಂದಿನ ಹಲ್ಲಿನ ನಡುವೆ ಇಟ್ಟರು. “ಬಿಡಬ್ಯಾಡ್ರಿ, ಗಟ್ಟಿ ಹಿಡೀರಿ.” ನಾನು ಗಟ್ಟಿ ಹಿಡಿದೆ ಎಂದೇ ತಿಳಿದಿದ್ದೆ. ಅವರು ಎರಡು ಬೆರಳಿನಿಂದ ಎಳೆದರು, ಕಾಗದ ಸರಾಗವಾಗಿ ಬಂದುಬಿಟ್ಟಿತು.

“ರೊಟ್ಟಿ ಹ್ಯಾಂಗ ತಿಂತೀರಿ?”

“ಹಿಂದಿನ ಹಲ್ಲಿಲೆ.”

“ಅದಕ್ಕ ಅವು ಸವದಾವು. ಇಡೀ ಬಾಯಿ ಕೆಲಸ ನಾಲ್ಕ ಹಲ್ಲು ಮಾಡಾಕ ಹತ್ತ್ಯಾವು.” ಆಮೇಲೆ ಕೇಳಿದರು, “ಮಾತಾಡೂದು ತ್ರಾಸ ಆಗತೈತೇನು?”

ನಾನು ಅವ್ವನ ಕಡೆ ನೋಡಿದೆ. ಅವ್ವ ಹೇಳಿದಳು, “ನಾಲಗಿ ತಿರಗೂದಿಲ್ಲರಿ ಆಕೀದು. ಮಾಸ್ತರ ಬೈತಾರು.”

“ನಾಲಗಿದು ತಪ್ಪಿಲ್ಲರಿ” ಎಂದರು ಡಾಕ್ಟರು. “ನಾಲಗಿ ಪಾಪ ತನ್ನ ಕೆಲಸ ಮಾಡತೈತಿ. ಕೆಳಗಿನ ಎಲುವು ಹೆಚ್ಚಿಗಿ ಬೆಳದೈತಿ. ಗ್ವಾಡಿನ ಸರದ ನಿಂತ್ರ ಬಾಗಲಾ ಹ್ಯಾಂಗ ಕೂಡತೈತಿ?”

ಆ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ನನಗೆ ಅಳು ಬಂತು. ಹಲ್ಲು ನೋಯುತ್ತಿದೆ ಎಂದು ತಿಳಿದು ಅವ್ವ ತಲೆ ಸವರಿದಳು. ನೋವಿನ ಅಳುವಲ್ಲ ಅದು. ತಪ್ಪು ನಿನ್ನದಲ್ಲ ಎಂದು ನನಗೆ ಹೇಳಿದ ಮೊದಲನೆಯ ಮನುಷ್ಯ ಅವರು.

ಅವರು ಕೊಟ್ಟ ಚೀಟಿ ಹಿಡಿದು ನಾನೂ ಅಪ್ಪನೂ ಬೆಳಗಾವಿಯ ಹಲ್ಲಿನ ಕಾಲೇಜಿನ ಆಸ್ಪತ್ರೆಗೆ ಹೋದೆವು. ಅಲ್ಲಿ ಹಲ್ಲು ನೇರ ಮಾಡುವ ವಿಭಾಗದಲ್ಲಿ ಒಬ್ಬ ಹೆಣ್ಣು ಡಾಕ್ಟರು ನನ್ನ ಮುಖದ ಪಕ್ಕದಿಂದ ಎಕ್ಸ್‌ರೇ ತೆಗೆಸಿದರು. ಬೆಳಕಿನ ಪೆಟ್ಟಿಗೆಯ ಮೇಲೆ ಅದನ್ನಿಟ್ಟು, ತೆಳ್ಳನೆಯ ಕಾಗದ ಹಾಸಿ, ಪೆನ್ಸಿಲಿನಿಂದ ಹಣೆ, ಮೂಗು, ತುಟಿ, ದವಡೆಗಳ ಗೆರೆ ತೆಗೆದರು. ಆಮೇಲೆ ಕೆಳದವಡೆಯ ಚಿತ್ರವನ್ನು ಕತ್ತರಿಯಿಂದ ಬಿಡಿಸಿಕೊಂಡು ಮೆಲ್ಲಗೆ ಹಿಂದಕ್ಕೆ ಸರಿಸಿದರು. ಹಲ್ಲಿನ ಮೇಲೆ ಹಲ್ಲು ಕೂತವು.

“ಇಷ್ಟ” ಎಂದರು. ಎರಡು ಜೋಳದ ಕಾಳು ಒಂದರ ಪಕ್ಕ ಒಂದು ಇಟ್ಟಷ್ಟು ದೂರ. ನನ್ನ ‘ಚಮಚಾ’ ಎಂಬ ಹೆಸರು, ಥಂತೆ, ಸವೆದ ಹಲ್ಲು ಎಲ್ಲವೂ ಅಷ್ಟರೊಳಗಿತ್ತು.

ಆದರೆ ದಾರಿ ದೊಡ್ಡದಿತ್ತು. ಮೊದಲು ಒಂದೂವರೆ ವರ್ಷ ಹಲ್ಲಿಗೆ ತಂತಿ ಹಾಕಿ ನೇರ ಮಾಡಬೇಕು. ಆಮೇಲೆ ದವಡೆಯ ಮೂಳೆಯನ್ನು ಬಾಯಿಯ ಒಳಗಿನಿಂದಲೇ ಕೊಯ್ದು, ಹಿಂದಕ್ಕೆ ಸರಿಸಿ, ಸಣ್ಣ ಲೋಹದ ಪಟ್ಟಿಗಳಿಂದ ಬಿಗಿಯಬೇಕು. ಆಮೇಲೆ ಮತ್ತೆ ಆರು ತಿಂಗಳು ತಂತಿ. “ಎಲುವು ಬೆಳೆಯೂದು ನಿಂತ ಮ್ಯಾಲೇ ಮಾಡಬೇಕಾಗತದ. ನಿಮ್ಮ ಮಗಳದು ನಿಂತದ, ವಯಸ್ಸು ಬರೋಬ್ಬರಿ ಅದ” ಎಂದರು.

ಅಪ್ಪ ಆ ಬೆಳಕಿನ ಪೆಟ್ಟಿಗೆಯನ್ನೇ ನೋಡುತ್ತಿದ್ದ. ಕತ್ತರಿಸಿ ಉಳಿದ ಕಾಗದ ಮೇಜಿನ ಮೇಲೆ ಬಿದ್ದಿತ್ತು. ಅವನು ಕೇಳಿದ, “ಡಾಕ್ಟರ, ಇದು ರೋಗ ಏನ್ರಿ?”

ಡಾಕ್ಟರು ಅಪ್ಪನ ಗಡ್ಡದ ಕಡೆ ಒಂದು ಕ್ಷಣ ನೋಡಿದರು. ಅವರಿಗೆ ತಿಳಿಯಿತು. “ರೋಗ ಅಲ್ಲರಿ. ಮೂಗು ಹ್ಯಾಂಗ ಮನಿತನದಾಗ ಬರತದ, ಹಂಗ ಇದು.”

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಸಂಪಗಾಂವ ದಾಟಿದ ಮೇಲೆ, ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದ, “ನಾ ಇದ ಗದ್ದ ಇಟಗೊಂಡ ನಾಲ್ವತ್ತೆಂಟು ವರ್ಷ ತಗದೇನಿ. ಇದರಾಗ ಏನ ಕೆಟ್ಟದ್ದಿತ್ತವಾ?”

ಕೆಟ್ಟದ್ದೇನೂ ಇರಲಿಲ್ಲ. ಆದರೂ ನನಗೆ ಅದು ಬೇಡವಾಗಿತ್ತು. ಈ ಎರಡನ್ನೂ ಒಟ್ಟಿಗೆ ಹೇಳುವುದು ಹೇಗೆಂದು ನನಗೆ ಆಗ ಗೊತ್ತಿರಲಿಲ್ಲ.

ತಂತಿ ಹಾಕಿಸಲು ಅಪ್ಪ ಬೇಡ ಎನ್ನಲಿಲ್ಲ. ಪ್ರತಿ ತಿಂಗಳು ಬೆಳಗಾವಿಗೆ ಹೋಗಿಬರುವುದು ಶುರುವಾಯಿತು. ಹೋದ ದಿನ ಸಂಜೆ ಹಲ್ಲೆಲ್ಲ ಬಿಗಿದು ಅನ್ನವನ್ನೂ ಅಗಿಯಲಾಗುತ್ತಿರಲಿಲ್ಲ. ಅದಕ್ಕಿಂತ ಕಷ್ಟದ್ದು ಬೇರೆಯಿತ್ತು. ಅಷ್ಟು ವರ್ಷ ನನ್ನ ಕೆಳಗಿನ ಹಲ್ಲುಗಳು ಮೇಲಿನವನ್ನು ಮುಟ್ಟಲೆಂದು ತಾವೇ ಒಳಕ್ಕೆ ವಾಲಿಕೊಂಡಿದ್ದವಂತೆ. ತಂತಿ ಅವನ್ನು ನೆಟ್ಟಗೆ ನಿಲ್ಲಿಸಿತು. ನೆಟ್ಟಗೆ ನಿಂತ ಮೇಲೆ ಸಂದು ಇನ್ನೂ ದೊಡ್ಡದಾಯಿತು, ಗದ್ದ ಇನ್ನೂ ಮುಂದೆ ಬಂದಂತೆ ಕಂಡಿತು. ಹೀಗಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹೇಳಿದ್ದನ್ನು ಕೇಳುವುದು ಬೇರೆ, ಕನ್ನಡಿಯಲ್ಲಿ ನೋಡುವುದು ಬೇರೆ. ಕಿತ್ತೂರಿನಲ್ಲಿ ಸೋದರಮಾವನ ಮಗಳ ನಿಶ್ಚಯಕ್ಕೆ ಹೋದಾಗ ಹೆಂಗಸರು ನನ್ನನ್ನು ನೋಡಿ, ನೋಡಲಿಲ್ಲವೆಂಬಂತೆ ಮಾತು ತಿರುಗಿಸಿದರು. ಮನೆಗೆ ಬಂದು ಅವ್ವ ಅತ್ತಳು. “ಇದ್ದ ಮಾರಿನೂ ಹೋತಲ್ಲವಾ” ಎಂದು ನನ್ನ ಮುಖ ಸವರಿದಳು.

ಟಿ.ಸಿ.ಎಚ್. ಮುಗಿಯಿತು. ಅಂಕಗಳೇನೋ ಚೆನ್ನಾಗಿಯೇ ಬಂದವು. ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಲು ಬರಬೇಕೆಂದು ಆಸ್ಪತ್ರೆಯವರು ಹೇಳಿದ ವಾರವೇ ಅಪ್ಪನ ಮನಸ್ಸು ಹಿಂದೆ ಸರಿಯಿತು. ಅವತ್ತು ಗಿರಣಿ ನಿಲ್ಲಿಸಿ ಎಲ್ಲರೂ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಅಪ್ಪ ತಟ್ಟೆ ನೋಡುತ್ತ ಹೇಳಿದ, “ಹಲ್ಲು ಸೀದಾ ಆದುವಲ್ಲ, ಇಲ್ಲಿಗೆ ಸಾಕ ಮಾಡೂಣು. ಎಲುವು ಕೊಯ್ಯೂದು ಅಂದ್ರ ಸಣ್ಣ ಮಾತಲ್ಲ. ದೇವರು ಕೊಟ್ಟ ಮಾರಿ ಅದು.”

ಅಣ್ಣ ತಲೆ ತಗ್ಗಿಸಿದ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದೆ.

ಆಗ ಆಯಿ ಮಾತಾಡಿದಳು. ಅವಳು ಗೋಡೆಗೆ ಆನಿಸಿಕೊಂಡು, ಎಂದಿನಂತೆ ಸೆರಗು ಹಿಡಿದು ಉಣ್ಣುತ್ತಿದ್ದಳು. “ತಮ್ಮಾ, ಇತ್ಲಾಗ ನೋಡು” ಎಂದಳು ಅಪ್ಪನಿಗೆ. ಅಪ್ಪ ನೋಡಿದ. ಆಯಿ ಬಾಯಿಯ ಮುಂದಿನ ಸೆರಗನ್ನು ಕೈಬಿಟ್ಟಳು. ಒಂದು ತುತ್ತು ಮುರಿದು ಬಾಯಿಗೆ ಹಾಕಿಕೊಂಡು, ಎಲ್ಲರಿಗೂ ಕಾಣುವಂತೆ ಅಗಿಯತೊಡಗಿದಳು.

ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಆಯಿ ಉಣ್ಣುವುದನ್ನು ನಾನು ಅವತ್ತೇ ಮೊದಲು ನೋಡಿದ್ದು. ಗದ್ದ ಮುಂದೆ ಬಂದು, ತುತ್ತು ತುಟಿಯಿಂದ ಜಾರಿ, ಬೆರಳಿನಿಂದ ಮತ್ತೆ ಒಳಗೆ ತಳ್ಳಬೇಕಾಗುತ್ತಿತ್ತು. ಥೇಟು ನನ್ನ ಹಾಗೆಯೇ. ಅಪ್ಪನೂ ಅವತ್ತೇ ನೋಡಿದ್ದಿರಬೇಕು.

ನುಂಗಿ, ನೀರು ಕುಡಿದು ಆಯಿ ಹೇಳಿದಳು, “ಮರ್ಯಾದಿಗೆ ಸೆರಗು ಹಿಡೀತಾಳ ಅಂದ್ರಿ ನೀವೆಲ್ಲಾ. ಲಗ್ನದ ದಿನ ಮುಂಜಾನೆ ನಮ್ಮವ್ವ ಹೇಳಿದ್ಲು, ಗದ್ದಕ್ಕ ಸೆರಗು ಅಡ್ಡ ಹಿಡಿ, ಇಲ್ಲಾಂದ್ರ ನಿಮ್ಮತ್ತಿ ಮನಿಯಾಗ ನಗತಾರು ಅಂತ. ಐವತ್ತೈದು ವರ್ಷ ಹಿಡದೇನಿ. ಕೈ ಸೋತಾವು.” ಆಮೇಲೆ ನನ್ನ ಕಡೆ ಬೆರಳು ತೋರಿಸಿದಳು. “ನನಗ ಆಗ ಹಿಂತಾದ್ದೊಂದು ಐತಿ ಅಂತ ಯಾರರ ಹೇಳಿದ್ರ, ನಡಕೋತ ಬೆಳಗಾವಿಗೆ ಹೋಗತಿದ್ದೆ. ಇಕಿ ಸೆರಗು ಹಿಡಿಯೂದು ಬ್ಯಾಡ.”

ಅಪ್ಪ ಅರ್ಧಕ್ಕೇ ಕೈ ತೊಳೆದು ಎದ್ದ. ಗಿರಣಿ ಮತ್ತೆ ಶುರುವಾದ ಸದ್ದು ಕೇಳಿತು. ಮರುದಿನ ಬೆಳಿಗ್ಗೆ ಅವನೇ ನನಗಿಂತ ಮೊದಲು ಅಂಗಿ ತೊಟ್ಟು ಬಸ್ಸಿಗೆ ತಯಾರಾಗಿ ನಿಂತಿದ್ದ.

ಶಸ್ತ್ರಚಿಕಿತ್ಸೆಯ ದಿನದ ನೆನಪು ಸ್ವಲ್ಪವೇ ಇದೆ. ಹಸಿರು ಅಂಗಿ ತೊಡಿಸಿದ್ದು, ತಣ್ಣನೆಯ ಕೋಣೆ, ಒಂದರಿಂದ ಹತ್ತು ಎಣಿಸಿ ಎಂದದ್ದು. ನಾಲ್ಕರ ತನಕ ಎಣಿಸಿರಬೇಕು. ಎಚ್ಚರಾದಾಗ ಮುಖ ನನ್ನದಲ್ಲ ಎನಿಸಿತು. ಮೇಲಿನ ಮತ್ತು ಕೆಳಗಿನ ಹಲ್ಲುಗಳನ್ನು ತಂತಿಯಿಂದ ಒಂದಕ್ಕೊಂದು ಬಿಗಿದಿದ್ದರು. ಆರು ವಾರ ಬಾಯಿ ತೆರೆಯುವಂತಿಲ್ಲ. ಉಸಿರು ಮೂಗಿನಿಂದ, ಊಟ ಹಲ್ಲಿನ ಹಿಂದಿನ ಸಂದಿನಿಂದ, ಅದೂ ನೀರಾದದ್ದು ಮಾತ್ರ. ಕೆಳತುಟಿ, ಗದ್ದ ಇದ್ದಾವೋ ಇಲ್ಲವೋ ಎಂಬಂತೆ ಮರಗಟ್ಟಿದ್ದವು.

ಹಾಸಿಗೆಯ ತಲೆಯ ಬಳಿ ದಾರದಲ್ಲಿ ಒಂದು ತಂತಿ ಕತ್ತರಿಸುವ ಇಕ್ಕಳವನ್ನು ಕಟ್ಟಿದ್ದರು. ನನಗೆ ವಾಂತಿಯಾದರೆ ಉಸಿರು ಕಟ್ಟಬಾರದಲ್ಲ, ಕೂಡಲೇ ತಂತಿ ಕತ್ತರಿಸಬೇಕು. ನರ್ಸಮ್ಮ ಅಪ್ಪನಿಗೆ ಯಾವ ಯಾವ ತಂತಿಯನ್ನು ಕತ್ತರಿಸಬೇಕೆಂದು ತೋರಿಸಿಕೊಟ್ಟರು. ಅಪ್ಪ ಗಿರಣಿಯ ಬೋಲ್ಟು ನಟ್ಟು ಬಿಚ್ಚಿ ಪಳಗಿದವನು. ಆದರೂ ಮೂರು ಸಲ ಕೇಳಿದ. “ಇದು ಒಂದು, ಇದು ಎರಡು, ಹೌದಲ್ರಿ?”

ಮೂರನೆಯ ದಿನ ಮುಖದ ಬಾವು ಕುಂಬಳಕಾಯಿಯಷ್ಟಾಗಿತ್ತು. ಅಪ್ಪ ಸಿರಿಂಜಿನಲ್ಲಿ ಹೆಸರುಕಾಳಿನ ಕಟ್ಟು ತುಂಬಿ, ಕೆನ್ನೆಯ ಒಳಗೆ ಹನಿಹನಿಯಾಗಿ ಬಿಡುತ್ತಿದ್ದ. ಬಿಡುತ್ತ ಬಿಡುತ್ತ ಕೈ ನಿಲ್ಲಿಸಿ ನನ್ನನ್ನು ದಿಟ್ಟಿಸಿದ. ನಾನು ಹುಬ್ಬು ಹಾರಿಸಿ ಏನೆಂದು ಕೇಳಿದೆ.

“ನಮ್ಮವ್ವನ ಮಾರಿ ಹೋಗಿಬಿಡತೈತಿ ಅಂತ ಅಂಜಿದ್ನಿ” ಎಂದ. “ಹೋಗಿಲ್ಲ. ಕಣ್ಣಾಗ ಐತಿ.” ಮತ್ತೆ ಸಿರಿಂಜು ಹಿಡಿದ. ಬಸ್ಸಿನಲ್ಲಿ ಕೇಳಿದ್ದ ಪ್ರಶ್ನೆಯನ್ನು ಆಮೇಲೆ ಎಂದೂ ಕೇಳಲಿಲ್ಲ.

ಮನೆಗೆ ಬಂದ ಮೇಲೆ ಅಪ್ಪ ಆ ಇಕ್ಕಳವನ್ನು ದಾರದಲ್ಲಿ ಪೋಣಿಸಿ ಕೊರಳಿಗೇ ಹಾಕಿಕೊಂಡ. ಲಿಂಗದ ಕರಡಿಗೆಯ ಪಕ್ಕ ಇಕ್ಕಳ. ಗಿರಣಿಯಲ್ಲಿ ಹಿಟ್ಟು ಬೀಸಲು ಬಂದವರು ಅದೇನೆಂದು ಕೇಳಿದರೆ, “ಮಗಳ ಬಾಯಿ ಕೀಲಿ” ಎನ್ನುತ್ತಿದ್ದ. ಆರು ವಾರದಲ್ಲಿ ಒಂದು ಸಲವೂ ಅದರ ಕೆಲಸ ಬೀಳಲಿಲ್ಲ. ಆದರೂ ಜಳಕ ಮಾಡುವಾಗಲೂ ತೆಗೆಯಲಿಲ್ಲ.

ಆ ಆರು ವಾರ ನಾನು ಅಂಬಲಿ, ಮಜ್ಜಿಗೆ, ಸೋಸಿದ ಸಾರು, ಮಾವಿನ ಹಣ್ಣಿನ ರಸಗಳ ಮೇಲೆ ಬದುಕಿದೆ. ಆಯಿ ಎಲ್ಲವನ್ನೂ ತೆಳ್ಳನೆಯ ಅರಿವೆಯಲ್ಲಿ ಎರಡು ಸಲ ಸೋಸುತ್ತಿದ್ದಳು. ಒಂಬತ್ತು ಕಿಲೋ ಇಳಿದೆ. ಕುಪ್ಪಸಗಳನ್ನೆಲ್ಲ ಬಿಗಿ ಮಾಡಿಸಬೇಕಾಯಿತು. ಸಿಟ್ಟು ಬಂದರೆ ವಹಿಯಲ್ಲಿ ಬರೆದು ಸಿಟ್ಟಾಗಬೇಕಿತ್ತು, ಅಷ್ಟರಲ್ಲಿ ಸಿಟ್ಟು ಇಳಿದಿರುತ್ತಿತ್ತು. ಒಮ್ಮೆ ಅವ್ವ ಬದನೆಕಾಯಿ ಎಣಗಾಯಿ ಮಾಡಿದ ದಿನ, ಅದರ ವಾಸನೆಗೆ ಹಿತ್ತಲಿಗೆ ಹೋಗಿ ಕೂತುಬಿಟ್ಟೆ. ನಾನು ಯಾಕೆ ಎದ್ದು ಹೋದೆನೆಂದು ತಿಳಿದ ಅವ್ವ, ತಂತಿ ಬಿಚ್ಚುವ ತನಕ ಮನೆಯಲ್ಲಿ ಮತ್ತೆ ಎಣಗಾಯಿ ಮಾಡಲಿಲ್ಲ.

ತಂತಿ ಬಿಚ್ಚಿದ ದಿನ ಬಾಯಿ ಒಂದು ಬೆರಳು ಹೋಗುವಷ್ಟು ಮಾತ್ರ ತೆರೆಯಿತು. ಐಸ್‌ಕ್ರೀಮಿನ ಕಡ್ಡಿಯಂಥ ಮರದ ಪಟ್ಟಿಗಳನ್ನು ಒಂದರ ಮೇಲೊಂದು ಹಲ್ಲಿನ ನಡುವೆ ಇಟ್ಟು, ದಿನಕ್ಕೊಂದು ಹೆಚ್ಚಿಸುತ್ತ ಬಾಯಿ ಬಿಡಿಸಬೇಕು. ಹಲ್ಲುಗಳು ಈಗ ಕೂಡುತ್ತಿದ್ದವು. ಆ ‘ಟಕ್’ ಎನ್ನುವ ಸಣ್ಣ ಸದ್ದು ನನ್ನ ಬಾಯಿಯಲ್ಲಿ ಮೊದಲ ಸಲ ಕೇಳಿಸಿತ್ತು. ದಿನಕ್ಕೆ ನೂರು ಸಲ ಸುಮ್ಮನೆ ಕೂಡಿಸಿ ನೋಡುತ್ತಿದ್ದೆ.

ಮಾತು ತಾನಾಗಿ ಸರಿಹೋಗುತ್ತದೆ ಎಂದುಕೊಂಡಿದ್ದೆ. ಹೋಗಲಿಲ್ಲ. ನಾಲಗೆ ಇಪ್ಪತ್ತು ವರ್ಷದ ಹಳೆಯ ದಾರಿಯಲ್ಲೇ ಹೋಗುತ್ತಿತ್ತು. ಆಯಿ ನನಗೆ ಮಾಸ್ತರಿಣಿಯಾದಳು. ಮಧ್ಯಾಹ್ನ ಗಿರಣಿ ನಿಂತ ಹೊತ್ತಿನಲ್ಲಿ ಕಟ್ಟೆಯ ಮೇಲೆ ಕೂರಿಸಿಕೊಂಡು, “ನನ್ನ ತವರ ಊರ ಹೆಸರ ಹೇಳು” ಎನ್ನುವಳು.

“ಥವದತ್ತಿ.”

“ಅದು ಯಾವ ಊರೋ ನನಗ ಗೊತ್ತಿಲ್ಲ. ನನ್ನೂರ ಹೇಳು.”

ದಿನಾ ಇದೇ ಆಟ. ಹಲ್ಲು ಕೂಡಿಸು, ನಾಲಗೆ ಒಳಗಿಡು, ಗಾಳಿ ಬಿಡು. ಮೂರನೆಯ ವಾರವೋ ನಾಲ್ಕನೆಯದೋ, ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಬೇರೆ ಏನೋ ಯೋಚಿಸುತ್ತ ಕೂತಿದ್ದಾಗ ಆಯಿ ಕೇಳಿದಳು, ನಾನು “ಸವದತ್ತಿ” ಎಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. “ಮತ್ತೊಮ್ಮಿ” ಎಂದಳು. ಹೇಳಿದೆ. “ಈಗ ಬಂತು ನೋಡು ನಮ್ಮೂರು” ಎಂದು ಆಯಿ ಬೊಚ್ಚುಬಾಯಿ ಬಿಟ್ಟು ನಕ್ಕಳು. ಆ ಹೊತ್ತಿಗೆ ಅವಳ ಮುಂದಿನ ಎರಡು ಹಲ್ಲು ಬಿದ್ದಿದ್ದವು. ಸೆರಗು ಹೆಗಲ ಮೇಲಿತ್ತು.

ಅದಾಗಿ ಎರಡು ವರ್ಷಕ್ಕೆ ಆಯಿ ತೀರಿಕೊಂಡಳು. ನನಗೆ ಕೆಲಸ ಸಿಕ್ಕ ಸುದ್ದಿ ಕೇಳಿಯೇ ಹೋದಳು ಎಂಬುದು ಒಂದು ಸಮಾಧಾನ. ರಾಮದುರ್ಗ ತಾಲೂಕಿನಲ್ಲಿ, ತೊರಗಲ್ ಹತ್ತಿರದ ಒಂದು ಹಳ್ಳಿಯ ಶಾಲೆಗೆ ಶಿಕ್ಷಕಿಯಾಗಿ ಹೋದೆ. ಮುಂದೆ ಅಲ್ಲೇ ರಾಮದುರ್ಗದಲ್ಲಿ ಮದುವೆಯಾಯಿತು, ಮನೆಯಾಯಿತು. ಗದ್ದದ ಎಡಭಾಗದಲ್ಲಿ ಒಂದು ಬೆರಳ ತುದಿಯಷ್ಟು ಜಾಗ ಇವತ್ತಿಗೂ ಮರಗಟ್ಟಿದೆ. ಅಲ್ಲಿ ಅನ್ನದ ಅಗುಳು ಅಂಟಿದರೆ ನನಗೆ ತಿಳಿಯುವುದಿಲ್ಲ, ಮನೆಯವರು ಸನ್ನೆ ಮಾಡಬೇಕು. ಅದನ್ನು ಬಿಟ್ಟರೆ ನನಗೆ ಹಾಗೊಂದು ಆಗಿತ್ತು ಎಂಬುದೇ ಎಷ್ಟೋ ದಿನ ನೆನಪಾಗುವುದಿಲ್ಲ.

ನೆನಪಾಗುವುದು ಯಾರಾದರೂ ಕೇಳಿಕೊಂಡು ಬಂದಾಗ. ಸುದ್ದಿ ಹೇಗೆ ಹರಡುತ್ತದೋ, ಸುತ್ತಲಿನ ಊರುಗಳಿಂದ ಆಗಾಗ ಒಬ್ಬೊಬ್ಬರು ಬರುತ್ತಾರೆ. ಹೊಸ ಶತಮಾನ ಬಂದು ಎಂಟೊಂಬತ್ತು ವರ್ಷ ಕಳೆದಿರಬೇಕು, ಒಂದು ಭಾನುವಾರ ನಮ್ಮ ಶಾಲೆಯಿದ್ದ ಹಳ್ಳಿಯ ಮುಸಲ್ಮಾನ ಹೆಣ್ಣುಮಗಳೊಬ್ಬಳು ಮಗಳನ್ನು ಕರೆದುಕೊಂಡು ಮನೆಗೆ ಬಂದಳು. ಗಂಡ ಟೆಂಪೋ ಓಡಿಸುತ್ತಿದ್ದ. ಮಗಳು ಚಿಕ್ಕವಳಿದ್ದಾಗ ನನ್ನ ತರಗತಿಯಲ್ಲೇ ಕಲಿತವಳು, ಈಗ ಹದಿನೆಂಟು. ಅವಳದು ನನ್ನದರ ತಿರುವುಮುರುವು: ಕೆಳದವಡೆ ಚಿಕ್ಕದು, ಗದ್ದವೇ ಇಲ್ಲವೆಂಬಂತೆ ಹಿಂದೆ ಸರಿದಿತ್ತು, ಮೇಲಿನ ಹಲ್ಲು ಮುಂದೆ. ತುಟಿ ಮುಚ್ಚುತ್ತಿರಲಿಲ್ಲ.

“ಇಕೀದೂ ಆಗತೈತೇನ್ರಿ ಅಕ್ಕೋರ?” ಎಂದು ತಾಯಿ ಕೇಳಿದಳು.

“ಆಗತೈತೋ ಇಲ್ಲೋ ಡಾಕ್ಟರು ಹೇಳಬೇಕು. ನಾ ಮೊದಲ ಕೆಟ್ಟದ್ದೆಲ್ಲಾ ಹೇಳತೇನಿ, ಕೇಳಿ ಆಮ್ಯಾಲ ವಿಚಾರ ಮಾಡ್ರಿ” ಎಂದೆ. ಎಲ್ಲವನ್ನೂ ಹೇಳಿದೆ. ಎರಡು ವರ್ಷದ ಓಡಾಟ, ನಡುವೆ ಮುಖ ಇನ್ನಷ್ಟು ಕೆಟ್ಟಂತೆ ಕಾಣುವುದು, ಬಾವು, ಹಸಿವು, ಮರಗಟ್ಟಿದ ತುಟಿ. ತಾಯಿಯ ಮುಖ ಸಣ್ಣದಾಗುತ್ತ ಹೋಯಿತು. ಹುಡುಗಿ ಮಾತ್ರ ನನ್ನನ್ನೇ ನೋಡುತ್ತ ಕೂತಿದ್ದಳು.

“ಅಕ್ಕೋರ, ಕನ್ನಡಿ ಯಾವಾಗ ನೋಡಿದ್ರಿ?” ಎಂದು ಕೇಳಿದಳು.

“ಎಂಟನೇ ದಿನ.”

“ಏನ ಅನಿಸ್ತರಿ?”

ನಾನು ಯೋಚಿಸಿದೆ. ಯಾರೂ ಇದನ್ನು ಕೇಳಿರಲಿಲ್ಲ. “ಯಾರೋ ಪರಿಚಯದವರು ಬಂದಾರ, ಹೆಸರು ನೆನಪ ಆಗವಲ್ತು, ಹಂಗ ಅನಿಸ್ತು” ಎಂದೆ. “ಒಂದು ತಿಂಗಳಕ್ಕ ಗುರ್ತ ಆತು.”

ಹುಡುಗಿ ತಲೆಯಾಡಿಸಿದಳು, ಲೆಕ್ಕ ಸರಿಬಂದವರ ಹಾಗೆ.

ಮುಂದಿನ ವಾರ ನಾನು ಒಂದು ದಿನ ರಜೆ ಹಾಕಿದೆ. ಮೂವರೂ ರಾಮದುರ್ಗದಿಂದ ಬೆಳಗಾವಿಗೆ ಬೆಳಗಿನ ಬಸ್ಸು ಹಿಡಿದೆವು. ತಾಯಿ ದಾರಿಯುದ್ದಕ್ಕೂ ಡಾಕ್ಟರಿಗೆ ಏನೇನು ಹೇಳಬೇಕೆಂದು ನನ್ನನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಳು. ಮಗಳಿಗೆ ರಾತ್ರಿ ಗೊರಕೆ ಬರುವುದು, ಬಾಯಿ ಒಣಗುವುದು, ಕಾಲೇಜಿನಲ್ಲಿ ಫೋಟೋಕ್ಕೆ ನಿಲ್ಲದೆ ತಪ್ಪಿಸಿಕೊಳ್ಳುವುದು. ಆಸ್ಪತ್ರೆಯ ಹೊರಗಿನ ಬಾಕಿನ ಮೇಲೆ ಒಂದು ಗಂಟೆ ಕೂತ ಮೇಲೆ ಹುಡುಗಿಯ ಹೆಸರು ಕೂಗಿದರು. ತಾಯಿ ಗಡಬಡಿಸಿ ಎದ್ದಳು.

ಹುಡುಗಿ ಅವಳ ಭುಜದ ಮೇಲೆ ಕೈಯಿಟ್ಟು ಕೂರಿಸಿದಳು. “ನೀ ಕುಂದರ ಅಮ್ಮಾ. ನಂದು ನಾನ ಹೇಳತೇನಿ.” ಓಢಣಿ ಸರಿಮಾಡಿಕೊಂಡು, ಕೈಯಲ್ಲಿದ್ದ ಚೀಟಿಯನ್ನು ಇನ್ನೊಮ್ಮೆ ನೋಡಿ, ಒಳಗೆ ಹೋಗದೆ ಒಂದು ಕ್ಷಣ ನಿಂತಳು, ಆಮೇಲೆ ಬಾಗಿಲು ದೂಡಿದಳು.

ತಾಯಿ ನನ್ನ ಪಕ್ಕ ಕೂತು ಡಬ್ಬಿ ಬಿಚ್ಚಿ ಚಪಾತಿ ಮುಂದಿಟ್ಟಳು. “ಒಳಗ ಹೊತ್ತ ಆಗತೈತೇನ್ರಿ?” ಎಂದಳು.

“ಆಗತೈತಿ” ಎಂದೆ. “ಮೊದಲನೇ ದಿನ ಕೇಳೂದು ಭಾಳ ಇರತೈತಿ.”